ಬೆದರುಬೊಂಬೆಗಳ ಸಾಲಿನಲ್ಲಿ ಒಣಗಿದ ಹುಲ್ಲು

ಹುಲ್ಲನ್ನು ನೆಲದ ಮೇಲೆ ಹರಡದೆ, ಮೂರು ಕೋಲು ಸೇರಿಸಿ ನಿಲ್ಲಿಸಿದ ಮುಕ್ಕಾಲುಗಳ ಮೇಲೆ ಹೊದಿಸಿ ಒಣಗಿಸುತ್ತೇನೆಂದಾಗ ಅಪ್ಪ ಅದಕ್ಕೆ ‘ಬೆದರುಬೊಂಬೆಗಳ ಮದುವೆ’ ಎಂದು ಹೆಸರಿಟ್ಟಿದ್ದರು. ಕಳೆದ ಬೇಸಿಗೆಯ ಆ ಹುಲ್ಲು ಎಂಟು ತಿಂಗಳ ಮೇಲೂ ಹಸಿರು ಉಳಿಸಿಕೊಂಡಿರುವುದನ್ನು ಮೊನ್ನೆ ಅವರೇ ಮೂಸಿ ನೋಡಿ, ಮಾತಾಡದೆ ಹಸುವಿನ ಮುಂದೆ ಹಾಕಿದರು.

ಅದಕ್ಕೂ ಮುಂಚಿನ ಮೂರು ವರ್ಷ ನಾನು ಸೋತದ್ದೇ ಹೆಚ್ಚು. ಮೊದಲ ವರ್ಷ ಎಲೆ ಗರಿಗರಿಯಾಗಿದ್ದುದನ್ನು ನಂಬಿ, ಗೆಣ್ಣು ಮುರಿದು ನೋಡದೆ, ಮೂರನೆಯ ದಿನವೇ ಬಣವೆ ಒಟ್ಟಿದೆ. ವಾರದೊಳಗೆ ಬಣವೆ ಹಬೆಯಾಡಿತು. ನಡುವಿಗೆ ತೂರಿಸಿ ತೆಗೆದ ಕಬ್ಬಿಣದ ಸರಳನ್ನು ಕೈಯಲ್ಲಿ ಹಿಡಿಯಲಾಗಲಿಲ್ಲ. ಗಾಳಿ ತಗುಲಿದೊಡನೆ ಹೊತ್ತಿಕೊಂಡೀತೆಂದು ಹೆಂಡತಿ ಕೊಡಗಳಲ್ಲಿ ನೀರು ತುಂಬಿಸಿಟ್ಟ ಮೇಲೆ, ಮನೆಮಂದಿಯೆಲ್ಲ ಸೇರಿ ರಾತ್ರಿಯಿಡೀ ಕೆಡವಿದೆವು. ಒಳಗಿನ ಹುಲ್ಲು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಹಸುಗಳು ಅದನ್ನು ಚಪ್ಪರಿಸಿ ತಿಂದವು, ಹಾಲು ಮಾತ್ರ ಇಳಿಯಿತು. ಎರಡನೆಯ ವರ್ಷ ಆ ಹೆದರಿಕೆಯಿಂದ ಆರು ದಿನ ಬಿಸಿಲಿಗೆ ಬಿಟ್ಟು ನಡುಮಧ್ಯಾಹ್ನ ಮಗುಚಿದ್ದರಿಂದ ದ್ವಿದಳ ಮೇವಿನ ಎಲೆಯೆಲ್ಲ ಉದುರಿ ಕಡ್ಡಿ ಉಳಿಯಿತು. ಮೂರನೆಯ ವರ್ಷದ್ದು ಮಳೆಯ ಪಾಲು. ಆ ವರ್ಷಗಳಲ್ಲಿ ಹಾಲಿನ ದುಡ್ಡಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮೇವು ಕೊಳ್ಳುವುದಕ್ಕೇ ಹೋಯಿತು. ಲೆಕ್ಕದ ಪುಸ್ತಕದಲ್ಲಿ ಹೆಂಡತಿ ಅದನ್ನು ‘ಹುಲ್ಲಿನ ದಂಡ’ ಎಂದು ಬರೆದಿದ್ದಾಳೆ.

ಈಗ ಹೂ ಬಿಡುವ ಹೊತ್ತಿಗೆ, ಇಬ್ಬನಿ ಆರಿದ ಮೇಲೆ ಕೊಯ್ದು, ಅಂದೇ ಎರಡು ಬಾರಿ ಮಗುಚಿ, ಮರುದಿನ ಮಧ್ಯಾಹ್ನ ಬಾಡಿದ ಹುಲ್ಲನ್ನು ಮುಕ್ಕಾಲಿಗೆ ಏರಿಸುತ್ತೇವೆ. ಆಳೆತ್ತರಕ್ಕಿಂತ ತುಸು ಉದ್ದದ ಮೂರು ಕೋಲು, ಮೊಣಕಾಲೆತ್ತರದಲ್ಲಿ ಅಡ್ಡಕೋಲು, ಒಳಗೆ ಗಾಳಿಯಾಡಲು ಟೊಳ್ಳು. ಇಷ್ಟೇ ಅದರ ರಚನೆ. ಹತ್ತು ಹನ್ನೆರಡು ದಿನ ಅಲ್ಲಿದ್ದ ಮೇಲೆ ಬಣವೆ. ಮುಕ್ಕಾಲಿಗೆ ಹುಲ್ಲನ್ನು ಕೆಳಗಿನಿಂದ ಮೇಲಕ್ಕೆ ಒಟ್ಟಿದ ನಂತರ ತುದಿಯ ಹಿಡಿಯನ್ನು ಮಳೆ ಜಾರುವಂತೆ ಕಟ್ಟುವ ಬಗೆಯೊಂದಿದೆ, ಅದನ್ನು ಕಲಿಯಲು ನನಗೂ ಹೆಂಡತಿಗೂ ಎರಡು ಮುಕ್ಕಾಲುಗಳ ಹುಲ್ಲು ಖರ್ಚಾಯಿತು. ಆದ್ದರಿಂದ ಅದು ಸದ್ಯಕ್ಕೆ ನಮ್ಮಿಬ್ಬರಲ್ಲೇ ಇರಲಿ.

ನಲವತ್ತರಷ್ಟು ಮುಕ್ಕಾಲುಗಳಿಗೆ ಕೋಲುಗಳು ಬೇಲಿಯ ಮರಗಳಿಂದಲೇ ಸಿಕ್ಕವು. ಹಸಿಯಾಗಿಯೇ ಬಳಸಿದವು ಭಾರಕ್ಕೆ ಬಾಗಿ ಕುಸಿದವು, ತಪ್ಪು ನನ್ನದೇ. ದುಡ್ಡು ತಿಂದದ್ದು ಹಗ್ಗ. ಕೆಲಸದ ಹೊತ್ತೂ ಮೊದಲಿನದಕ್ಕಿಂತ ಸುಮಾರು ಒಂದೂವರೆ ಪಟ್ಟಾಯಿತೆಂಬುದನ್ನು ಮುಚ್ಚಿಡಲಾರೆ, ಆದರೆ ಕೊಂಡ ಮೇವು ಹತ್ತರಲ್ಲೊಂದಕ್ಕೆ ಇಳಿದ ಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

ನಡುವೆ ಮಗಳದೂ ಒಂದು ಪ್ರಯೋಗ ನಡೆಯಿತು. ಗಾಜಿನ ಬಾಟಲಿಯಲ್ಲಿ ಕತ್ತರಿಸಿದ ಹುಲ್ಲು ಮತ್ತು ಒಣ ಉಪ್ಪು ಹಾಕಿ ಚೆನ್ನಾಗಿ ಅಲುಗಿಸಿದರೆ, ಹುಲ್ಲಿನಲ್ಲಿ ತೇವವಿದ್ದಾಗ ಉಪ್ಪು ಗಂಟು ಕಟ್ಟುತ್ತದೆ, ಒಣಗಿದ್ದರೆ ಉದುರುದುರಾಗಿಯೇ ಉಳಿಯುತ್ತದೆ. ಪ್ರತಿ ಮುಕ್ಕಾಲಿಗೂ ಒಂದು ಬಾಟಲಿಯೆಂದು ಅವಳು ಹಟ ಹಿಡಿದದ್ದರಿಂದ ಅಡುಗೆಮನೆಯ ಉಪ್ಪು ಬರಿದಾಗಿ ಅಮ್ಮನಿಂದ ನಾನು ಬೈಸಿಕೊಂಡೆ. ಹಾಗೆಯೇ 100 ಕಿಲೋ ಹಸಿಹುಲ್ಲು ತೂಗಿ ಒಣಗಿಸಿದಾಗ, ನೆನಪಿರುವಂತೆ, 25 ಕಿಲೋ ಆಸುಪಾಸಿಗೆ ಇಳಿಯಿತು. ಬಣವೆಯ ಪದರಗಳಿಗೆ ಉಪ್ಪು ಚಿಮುಕಿಸಿ ನೋಡಿದೆ. ಹಸುಗಳು ನೀರು ಹೆಚ್ಚು ಕುಡಿದದ್ದು ಬಿಟ್ಟರೆ ನನ್ನ ಕಣ್ಣಿಗೆ ಬೇರೆ ವ್ಯತ್ಯಾಸ ಕಾಣಲಿಲ್ಲ.

ನೆಲಕ್ಕೆ ತಾಗುವ ಅಂಚಿನಲ್ಲಿ ಗೇಣಗಲ ಹುಲ್ಲು ಈಗಲೂ ಬೂಸ್ಟು ಹಿಡಿಯುತ್ತಿದೆ. ಈ ಸಲ ಅಡ್ಡಕೋಲನ್ನು ಇನ್ನೊಂದು ಗೇಣು ಮೇಲಕ್ಕೆ ಕಟ್ಟಬೇಕೆಂದಿದ್ದೇನೆ.