ಟಾಪ್ ಕತ್ತರಿಸುವುದು ಸುಲಭ, ಬಾಗಿಲು ಮುಚ್ಚುವುದು ಕಷ್ಟ

ನನ್ನ ಹಳೆಯ ಎರಡು ಬಾಗಿಲ ಕಾರನ್ನು ತೆರೆದ ಕಾರು ಮಾಡಬೇಕಿತ್ತು. ಅದರ ಟಾಪ್, ಅಂದರೆ ಮೇಲ್ಛಾವಣಿ, ಕತ್ತರಿಸಲು ಹಿಡಿದದ್ದು ಬರೀ 40 ನಿಮಿಷ. ಅದಕ್ಕೂ ಮೊದಲು ಬಾಡಿಯೊಳಗೆ ಕಬ್ಬಿಣ ಕೂರಿಸಲು 7 ತಿಂಗಳ ಭಾನುವಾರಗಳು ಹೋದವು. ಕತ್ತರಿಸಿದ ಮೇಲೂ ಎರಡು ತಿಂಗಳ ಕೆಲಸ ಬಿತ್ತು. ಒಂದು ಜಾಗದಲ್ಲಿ ತಪ್ಪು ಮಾಡಿದ್ದೆ, ಅದನ್ನು ಆಮೇಲೆ ಹೇಳುತ್ತೇನೆ.

ಅಡಿಯಲ್ಲಿ ಪ್ರತ್ಯೇಕ ಚಾಸಿಸ್ ಇರುವ ಜೀಪಿನಂಥ ಗಾಡಿಗಳಲ್ಲಿ ಟಾಪ್ ತೆಗೆದರೆ ಅಂಥ ತೊಂದರೆ ಇಲ್ಲ. ಅಲ್ಲಿ ಭಾರ ಹೊರುವುದು ಚಾಸಿಸ್. ಆದರೆ ಈಗಿನ ಬಹುತೇಕ ಕಾರುಗಳಲ್ಲಿ ಬೇರೆ ಚಾಸಿಸ್ಸೇ ಇಲ್ಲ, ಬಾಡಿಯೇ ಚಾಸಿಸ್. 1 ಮಿ.ಮೀ.ಗಿಂತ ತೆಳುವಾದ ತಗಡುಗಳನ್ನು ಪೆಟ್ಟಿಗೆಯ ಹಾಗೆ ಬೆಸೆದಿರುತ್ತಾರೆ. ಒಂದು ಚಪ್ಪಲಿ ಡಬ್ಬಿ ತೆಗೆದುಕೊಂಡು ಮುಚ್ಚಳ ಅಂಟಿಸಿ ತಿರುಚಿ ನೋಡಿ. ಆಮೇಲೆ ಮುಚ್ಚಳ ತೆಗೆದು ತಿರುಚಿ. ಕಾರಿಗೂ ಆಗುವುದು ಅದೇ. ಟಾಪ್ ಬರೀ ಮಳೆಗೆ ಅಡ್ಡ ಹಿಡಿದ ತಗಡಲ್ಲ.

ಬಾಗುವ ವಿಚಾರ ಬೇರೆ. ಕಾರನ್ನು ಪಕ್ಕದಿಂದ ನೋಡಿದರೆ ಕೆಳಗೆ ಬಾಗಿಲ ಹೊಸ್ತಿಲಿನಂಥ ಸಿಲ್, ಮೇಲೆ ಟಾಪಿನ ಅಂಚು, ನಡುವೆ ಟಾಪ್ ಹೊತ್ತ ಕಂಬಗಳು, ಅಂದರೆ ಪಿಲ್ಲರ್‌ಗಳು. ಎಲ್ಲಾ ಸೇರಿ ಒಂದು ಮೀಟರಿಗೂ ಜಾಸ್ತಿ ಎತ್ತರದ ಚೌಕಟ್ಟು. ಟಾಪ್ ಹೋದರೆ ಉಳಿಯುವುದು ಗೇಣೆತ್ತರದ ಸಿಲ್ ಮಾತ್ರ. ಎರಡು ಬಾಗಿಲ ಕಾರಿನಲ್ಲಿ ಬಾಗಿಲು ಉದ್ದ, ಹಾಗಾಗಿ ಆಧಾರವಿಲ್ಲದ ಸಿಲ್ಲೂ ಉದ್ದ.

ಮೊದಲಿಗೆ ನನ್ನ ಯೋಚನೆ ಒರಟಾಗಿತ್ತು. ಸಿಲ್ ಮೇಲೆ 5 ಮಿ.ಮೀ. ಪ್ಲೇಟು ಬಡಿದರೆ ಆಯ್ತಲ್ವಾ ಅಂದುಕೊಂಡಿದ್ದೆ. ಲೆಕ್ಕ ಹಾಕಿದಾಗ ಅದು ದಡ್ಡತನ ಅಂತ ಗೊತ್ತಾಯಿತು. ಸಿಲ್ ಅಂದರೆ ಒಂದು ಮುಚ್ಚಿದ ಕೊಳವೆ. ಅಂಥ ಕೊಳವೆಯ ಗೋಡೆ ದಪ್ಪ ಎರಡು ಪಟ್ಟಾದರೆ ತಿರುಚುವಿಕೆಗೆ ಬಿಗಿಯೂ ಸುಮಾರು ಎರಡೇ ಪಟ್ಟು, ತೂಕವೂ ಎರಡು ಪಟ್ಟು. ಅದೇ ಗೋಡೆ ದಪ್ಪ ಹಾಗೇ ಇಟ್ಟು ಕೊಳವೆಯ ಬಾಯಿಯ ಅಗಲ-ಎತ್ತರ ಹಿಗ್ಗಿಸಿ, ಒಳಗಿನ ವಿಸ್ತೀರ್ಣ ಎರಡು ಪಟ್ಟು ಮಾಡಿದರೆ ಬಿಗಿ 3 ಪಟ್ಟಿನ ಹತ್ತಿರ ಹೋಗುತ್ತದೆ, ತೂಕ ಏರುವುದು ಒಂದೂವರೆ ಪಟ್ಟಿಗಿಂತ ಕಡಿಮೆ. ಒಂದೇ ಷರತ್ತು, ಕೊಳವೆ ಎಲ್ಲೂ ಬಾಯಿ ಬಿಟ್ಟಿರಬಾರದು. ಕಾಗದದ ಸುರುಳಿ ಅಂಟಿಸಿ, ಉದ್ದಕ್ಕೆ ಒಂದು ಸೀಳು ಹಾಕಿ ತಿರುಚಿ ನೋಡಿದರೆ ಯಾಕೆ ಅಂತ ತಿಳಿಯುತ್ತದೆ. ಹಾಗಾಗಿ ದಪ್ಪ ಪ್ಲೇಟು ಬಿಟ್ಟು 2 ಮಿ.ಮೀ. ತಗಡನ್ನು ಮಡಚಿ, ಸಿಲ್‌ನ ಒಳಬದಿಗೆ ಉದ್ದಕ್ಕೂ ಇನ್ನೊಂದು ಪೆಟ್ಟಿಗೆ ಕಟ್ಟಿದೆ. ಸೀಟಿನ ಅಗಲ ಸ್ವಲ್ಪ ಕಡಿಮೆಯಾಯಿತು, ಹತ್ತಿ ಇಳಿಯುವಾಗ ಕಾಲು ಜಾಸ್ತಿ ಎತ್ತಬೇಕು. ಅಡ್ಡಿಯಿಲ್ಲ.

ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚಿದೆ. ಪೆಟ್ರೋಲ್ ಟ್ಯಾಂಕು, ಸೀಟು, ಕಾರ್ಪೆಟ್ ಹೊರಗೆ. ಆದರೆ ಎಂಜಿನ್ ಇಳಿಸಲಿಲ್ಲ. ರಸ್ತೆಯಲ್ಲಿ ನಿಂತಾಗ ಬಾಡಿ ಯಾವ ಆಕಾರದಲ್ಲಿರುತ್ತದೋ ಅದೇ ಆಕಾರದಲ್ಲಿ ಬೆಸುಗೆ ಆಗಬೇಕು. ಅದಕ್ಕೆ ಸಮತಟ್ಟು ನೆಲದಲ್ಲಿ ಸ್ಟ್ಯಾಂಡ್‌ಗಳನ್ನು ಸಸ್ಪೆನ್ಷನ್ ಕೆಳಗೇ ಕೊಟ್ಟೆ, ನಡು ಹೊಟ್ಟೆಗೆ ಕೊಡಲಿಲ್ಲ. ಸಿಲ್ಲಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ, ಎರಡು ಕಡೆ ಸೀದಾ ಒಳಗೆ ಹೋಯಿತು. ತುಕ್ಕು ಹಿಡಿದ ತಗಡಿಗೆ ಎಷ್ಟು ಬಲ ಕೊಟ್ಟರೂ ಸುಮ್ನೆ. ಆ ಭಾಗ ಕತ್ತರಿಸಿ ಹೊಸ ತಗಡು ಹಾಕಿದ ಮೇಲೇ ಮುಂದಿನ ಕೆಲಸ.

ನಂತರ ಬಾಡಿ ಆಕಾರ ಬಿಡದಂತೆ 25 ಮಿ.ಮೀ. ಚೌಕ ಪೈಪುಗಳನ್ನು ಬಾಗಿಲ ಕಂಡಿಗೆ ಒಳಗಡೆಯಿಂದ ತಾತ್ಕಾಲಿಕವಾಗಿ ಬೆಸೆದೆ. ಒಂದು ಅಡ್ಡ, ಒಂದು ಓರೆ. ಎಡ ಬಲ ಪಿಲ್ಲರ್‌ಗಳ ನಡುವೆ ಇನ್ನೆರಡು. ಇವನ್ನು ಒಳಗೆ ಸರಿಸಿ ಹಾಕಿದ್ದಕ್ಕೆ ಕಾರಣ, ಬಾಗಿಲುಗಳು ಕಾರಿನಲ್ಲೇ ಇರಬೇಕು, ಮುಚ್ಚಲೂಬೇಕು. ಈ ಕೆಲಸದಲ್ಲಿ ಬಾಗಿಲಿಗಿಂತ ಒಳ್ಳೆಯ ಅಳತೆಗೋಲು ಇಲ್ಲ. ಸುತ್ತಲಿನ ಸಂದನ್ನು ಆರು ಕಡೆ ಅಳೆದು, ಅಲ್ಲೇ ಟೇಪು ಅಂಟಿಸಿ ಬರೆದಿಟ್ಟೆ. ಮೂಲೆಯಿಂದ ಮೂಲೆಗೆ ಓರೆ ಅಳತೆಯನ್ನೂ.

ತಂತಿ ತಾನಾಗಿ ಬರುತ್ತಾ ಕರಗಿ ಬೆಸೆಯುವ ಮಿಗ್ ವೆಲ್ಡಿಂಗ್‌ನಲ್ಲಿ ಒಂದಿಂಚು ಬೆಸೆಯುವುದು, ಆಚೆ ಬದಿಗೆ ಹೋಗುವುದು, ಅಲ್ಲಿ ಒಂದಿಂಚು, ಮತ್ತೆ ಈಚೆ. ಬೇಜಾರಿನ ಕೆಲಸ. ಒಂದು ಸಂಜೆ ಆತುರಪಟ್ಟು ಒಂದಡಿ ಉದ್ದಕ್ಕೆ ಒಂದೇ ಸಲ ಎಳೆದುಬಿಟ್ಟೆ. ಬೆಸುಗೆ ತಣ್ಣಗಾಗುವಾಗ ಕುಗ್ಗುತ್ತದೆ, ತಗಡನ್ನೂ ಎಳೆಯುತ್ತದೆ. ಬೆಳಿಗ್ಗೆ ನೋಡಿದರೆ ಬಾಗಿಲ ಮೇಲಿನ ಸಂದು 4 ಮಿ.ಮೀ. ಇದ್ದದ್ದು 2 ಆಗಿತ್ತು. ಆ ಬೆಸುಗೆಯನ್ನು ಗ್ರೈಂಡರ್‌ನಲ್ಲಿ ಸೀಳಿ, ಬಾಡಿ ವಾಪಸ್ ಬಂದ ಮೇಲೆ ಮತ್ತೆ ಇಂಚಿಂಚಾಗಿ ಹಾಕಿದೆ.

ಟಾಪ್ ಕತ್ತರಿಸಿದೆ. ತಾತ್ಕಾಲಿಕ ಪೈಪುಗಳನ್ನೂ ತೆಗೆದೆ. ಸಂದು ಅರ್ಧ ಮಿ.ಮೀ. ಕೂಡ ಅಲುಗಲಿಲ್ಲ. ಗೆದ್ದೆ ಅಂದುಕೊಂಡೆ.

ಮೊದಲ ಓಡಾಟದಲ್ಲೇ ಇಳಿಯಿತು ಜಂಬ. ಹಂಪ್ ಮೇಲೆ ಓರೆಯಾಗಿ ಹೋದಾಗ ಕನ್ನಡಿ ನಡುಗಿತು, ಸ್ಟೀರಿಂಗ್ ನಡುಗಿತು, ಮುಂದಿನ ಗಾಜಿನ ಚೌಕಟ್ಟು ಡ್ಯಾಶ್‌ಬೋರ್ಡಿನ ಸಮೇತ ತಲೆ ಅಲ್ಲಾಡಿಸಿತು. ಮನೆಗೆ ತಂದು ಹಿಂದಿನ ಒಂದು ಮೂಲೆಗೆ ಜಾಕ್ ಕೊಟ್ಟು ಚಕ್ರ ಎತ್ತಿದೆ. ಆ ಬದಿಯ ಬಾಗಿಲು ಕಚ್ಚಿಕೊಂಡಿತು.

ಸಿಲ್ ಒಂದಿಷ್ಟೂ ಜಗ್ಗಿರಲಿಲ್ಲ. ಅದೇ ಸುಳಿವು. ನನ್ನ ಹೊಸ ಪೆಟ್ಟಿಗೆ ಮುಂದಿನ ಪಿಲ್ಲರ್‌ನ ಬುಡಕ್ಕೆ ಬಂದು ಅಲ್ಲೇ ನಿಂತಿತ್ತು, ಒಂಟಿ ತಗಡಿಗೆ ಅಂಟಿಕೊಂಡು. ಗಟ್ಟಿ ಸಿಲ್ ತನ್ನ ಪಾಲಿನ ಒತ್ತಡವನ್ನೆಲ್ಲ ಆ ತೆಳು ತಗಡಿಗೆ ದಾಟಿಸುತ್ತಿತ್ತು. ಆ ಜಾಗ ಬಾಗಿಲ ತಿರುಗಣಿಯಂತೆ ಕೆಲಸ ಮಾಡುತ್ತಿತ್ತು. ಕೋಲು ಎಷ್ಟು ಗಟ್ಟಿಯಿದ್ದರೇನು, ಗಂಟು ಸಡಿಲ.

ಪೆಟ್ಟಿಗೆಯನ್ನು ಮುಂದಕ್ಕೆ ಎಂಜಿನ್ ಹಿಂದಿನ ಗೋಡೆಯ ತನಕ ಬೆಳೆಸಿ, ಬಾಡಿಯಲ್ಲೇ ಬೆಸೆದಿರುವ, ಎಂಜಿನ್ ಹೊರುವ ಮುಂದಿನ ತೋಳಿಗೆ ಕಟ್ಟಿದೆ. ಪಿಲ್ಲರ್ ಬುಡಕ್ಕೆ ಎರಡನೇ ತಗಡು, ಮೂಲೆಗೆ ತ್ರಿಕೋನದ ತುಂಡು. ಮುಂದಿನ ಗಾಜಿನ ಎರಡೂ ಬದಿಯ ಪಿಲ್ಲರ್‌ಗಳೊಳಗೆ ತೂರಿಸಿದ ಪೈಪನ್ನು ಈ ಬುಡಕ್ಕೇ ಇಳಿಸಿದೆ. ಡ್ಯಾಶ್‌ಬೋರ್ಡ್ ಕೆಳಗೆ ಎಡದಿಂದ ಬಲಕ್ಕೆ ಒಂದು ಅಡ್ಡ ಪೈಪು. ಹಿಂದಿನ ಸೀಟಿನ ಬೆನ್ನಿಗೆ, ಡಿಕ್ಕಿಗೂ ಒಳಭಾಗಕ್ಕೂ ನಡುವೆ ಪೂರ್ತಿ ತಗಡಿನ ಗೋಡೆ. ಆ ಗೋಡೆಯಿಂದ ಇಷ್ಟು ಲಾಭ ಆಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದಿದ್ದೇವೆ ಸರಿ, ಆದರೆ ಒಳಗೆ ಅಡ್ಡ ಗೋಡೆಗಳು ಬಿಗಿಯಾಗಿ ಕೂತರೆ ಡಬ್ಬಿ ಅಷ್ಟು ಸುಲಭವಾಗಿ ಓರೆಯಾಗಲ್ಲ. ಕೊನೆಗೆ ಅಡಿಯಲ್ಲಿ ಬೋಲ್ಟ್ ಹಾಕಿ ಕೂರಿಸಿದ ಗುಣಿಸು ಚಿಹ್ನೆಯಾಕಾರದ ಪಟ್ಟಿಗಳು ಉಳಿದ ಚೂರು ನಡುಕವನ್ನು ತಗ್ಗಿಸಿದವು.

ಬೆಲ್ಟಿನ ವಿಷಯ ಮರೆಯಬೇಡಿ. ಬಾಗಿಲ ಹಿಂದಿನ ಪಿಲ್ಲರ್ ಕತ್ತರಿಸಿದರೆ ಬೆಲ್ಟಿನ ಮೇಲ್ಗೊಂಡಿಯೂ ಹೋಗುತ್ತದೆ. ಟಾಪ್ ಮಡಚಬಹುದಾದ 1979ರ ಫೋಕ್ಸ್‌ವ್ಯಾಗನ್ ಗಾಲ್ಫ್ ಕ್ಯಾಬ್ರಿಯೊಲೆಯಲ್ಲಿ ಸೀಟಿನ ಹಿಂದೆ ಎದ್ದು ಕಾಣುವ ಕಮಾನು ಇತ್ತಲ್ಲ, ನಾನೂ ಹಾಗೆ ಒಂದನ್ನು ಕಟ್ಟಿ ಬೆಲ್ಟನ್ನು ಅದಕ್ಕೆ ಕೊಟ್ಟೆ. ನೋಟ ಕೆಡುತ್ತದೆ ಅಂದವರಿದ್ದರು. ಕಾರು ಮಗುಚಿದರೆ ಮುಂದಿನ ಗಾಜಿನ ಚೌಕಟ್ಟೊಂದನ್ನೇ ನಂಬಿ ಕೂರಲು ನನಗೆ ಧೈರ್ಯವಿಲ್ಲ. ಗಾಡಿಯ ರೂಪ ಬದಲಿಸಲು ಮೊದಲೇ ಒಪ್ಪಿಗೆ ಬೇಕಾ ಅಂತಲೂ ಗ್ರೈಂಡರ್ ಎತ್ತುವ ಮುಂಚೆ ವಿಚಾರಿಸಿ.

ಪೆಟ್ಟಿಗೆಗಳನ್ನು ಮುಚ್ಚುವ ಮೊದಲು ಒಳಗೆ ತುಕ್ಕು ತಡೆಯುವ ಜಿಂಕ್ ಪ್ರೈಮರ್, ಮುಚ್ಚಿದ ಮೇಲೆ ತೂತಿನಿಂದ ಮೇಣ. ನೀರು ಇಳಿಯುವ ತೂತು ಒಂದು ಕಡೆ ಮರೆತಿದ್ದೆ. ಮಳೆ ಬಂದ ವಾರ ಪೂರ್ತಿ ಬ್ರೇಕ್ ಒತ್ತಿದಾಗೆಲ್ಲ ಎಡಗಡೆ ಸಿಲ್‌ನಲ್ಲಿ ಗುಳುಗುಳು.

ಒಟ್ಟು ಕೂಡಿಸಿದ ಕಬ್ಬಿಣ 48 ಕೆ.ಜಿ. ತೆಗೆದ ಟಾಪ್ ಅದರ ಅರ್ಧವೂ ತೂಗಲಿಲ್ಲ. ಈಗ ಒಂದು ಮೂಲೆಗೆ ಜಾಕ್ ಕೊಟ್ಟರೂ ಎರಡೂ ಬಾಗಿಲು ತೆಗೆದು ಮುಚ್ಚಬಹುದು. ಎಡಗಡೆಯದು ಮೇಲಿನ ಮೂಲೆಯಲ್ಲಿ ಕೊಂಚ ಉಜ್ಜುತ್ತದೆ. ಮೊದಲಿನ ಬಿಗಿ ಪೂರ್ತಿ ವಾಪಸ್ ಬಂದಿಲ್ಲ.