ಆಸ್ಕ್‌ನಲ್ಲಿ ಕೂತವನು ಎದ್ದು ಹೋಗುವವರೆಗೆ: ಓಟಿಸಿ ಪೆನ್ನಿ ಷೇರುಗಳಲ್ಲಿ ನನ್ನ ಅನುಭವ

2024ರಲ್ಲಿ ಅಮೆರಿಕದ ಓಟಿಸಿಯಲ್ಲಿ, ಅಂದರೆ ದೊಡ್ಡ ಎಕ್ಸ್‌ಚೇಂಜ್‌ಗಳ ಹೊರಗೆ ನಡೆಯುವ ಪುಡಿಗಾಸಿನ (ಪೆನ್ನಿ) ಷೇರುಗಳಲ್ಲಿ, ನಾನು ಮಾಡಿದ್ದು 14 ಟ್ರೇಡ್. ಒಂಬತ್ತರಲ್ಲಿ ಗೆದ್ದೆ. ಕಮಿಷನ್ ಎಲ್ಲ ಕಳೆದು ಕೈಗೆ ಉಳಿದದ್ದು ಹತ್ತಿರ ಹತ್ತಿರ 17 ಸಾವಿರ ಡಾಲರ್. ಅದಕ್ಕೂ ಹಿಂದಿನ ಮೂರು ವರ್ಷಗಳಲ್ಲಿ ಕಳೆದುಕೊಂಡಿದ್ದು 13 ಸಾವಿರದಷ್ಟು. ಫ್ರೀಮಾಂಟ್‌ನ ಗೆಳೆಯರಿಗೆಲ್ಲ ಆ ನಷ್ಟ ಗೊತ್ತಿತ್ತು. "ಮಾರ್ಕೆಟ್ ಮೇಕರ್ ಮನಸ್ಸು ಓದೋಕೆ ಆಗಲ್ಲ, ಬಿಡು" ಅಂತ ಹೇಳದವರಿಲ್ಲ. ಮಾರ್ಕೆಟ್ ಮೇಕರ್ ಅಂದರೆ ಷೇರಿಗೆ ಕೊಳ್ಳುವ, ಮಾರುವ ಬೆಲೆ (ಕೋಟ್) ಹಾಕಿ ಕೂರುವ ಸಂಸ್ಥೆ; ಕೊಳ್ಳುವ ಬೆಲೆ ಬಿಡ್, ಮಾರುವ ಬೆಲೆ ಆಸ್ಕ್. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಮನಸ್ಸು ಓದೋಕೆ ಆಗಲ್ಲ. ಆದರೆ ಅವನ ಹಿಂದೆ ಯಾರ ಮಾಲು (ಷೇರು) ಇದೆ, ಎಷ್ಟು ಉಳಿದಿದೆ ಅನ್ನೋದನ್ನ ಲೆಕ್ಕ ಹಾಕಬಹುದು.

ಮೊದಲ ಎಂಟು ತಿಂಗಳು ನಾನು ಹಾಳು ಮಾಡಿಕೊಂಡದ್ದು, ಮೇಕರ್‌ಗಳು ಸಣ್ಣ ವಹಿವಾಟಿನ ಸಂಖ್ಯೆಗಳಲ್ಲಿ ಒಬ್ಬರಿಗೊಬ್ಬರು ಸಂಕೇತ ಕೊಡುತ್ತಾರೆ ಎಂಬ 'ಸಿಗ್ನಲ್' ಕಥೆ ನಂಬಿ. ಆ ಕಥೆಯ ಪ್ರಕಾರ 100 ಷೇರಿನ ಸಣ್ಣ ಪ್ರಿಂಟ್ (ಪರದೆಯಲ್ಲಿ ದಾಖಲಾಗುವ ಒಂದು ವಹಿವಾಟು) ಬಂದರೆ 'ನನಗೆ ಮಾಲು ಬೇಕು', 300 ಬಂದರೆ 'ಬೆಲೆ ಇಳಿಸು', 911 ಬಂದರೆ 'ಸುದ್ದಿ ಬರ್ತಿದೆ'. ಒಂದು ಎಕ್ಸೆಲ್ ಹಾಳೆಯಲ್ಲಿ ಇಂಥ ಪ್ರಿಂಟುಗಳನ್ನು ಸುಮಾರು 200 ಸಲ ಗುರುತು ಹಾಕಿದೆ. ಮುಂದಿನ ಎರಡು ದಿನಗಳಲ್ಲಿ ಬೆಲೆ ಏರಿದ್ದು ಹೆಚ್ಚುಕಮ್ಮಿ ಅರ್ಧ ಸಲ, ಇಳಿದದ್ದು ಅರ್ಧ ಸಲ. ಒಂದೇ ಕಂಪನಿಯಲ್ಲಿ ಮೂರು ದಿನ 911 ಕಂಡು 2,100 ಡಾಲರ್ ಹಾಕಿದೆ. ಯಾವ ಸುದ್ದಿಯೂ ಬರಲಿಲ್ಲ, 900 ಹೋಯಿತು. ಸಂಜೆ ಬರುವ ಟಿ-ಟ್ರೇಡುಗಳ ಕಥೆಯೂ ಇಷ್ಟೆ. ಅದು ತಡವಾಗಿ ವರದಿಯಾದ ವ್ಯವಹಾರ, ನಾಳೆಯ ದಿಕ್ಕಲ್ಲ.

ಭ್ರಮೆ ಪೂರ್ತಿ ಬಿಟ್ಟದ್ದು ನನ್ನದೇ ಆರ್ಡರಿನಿಂದ. 0.0042 ಡಾಲರಿಗೆ 50 ಸಾವಿರ ಷೇರಿಗೆ ಬಿಡ್ ಹಾಕಿದೆ, ಸಿಕ್ಕರೆ ತೆಗೆದುಕೊಳ್ಳುವ ಮನಸ್ಸಿನಿಂದಲೇ. ಮರುಕ್ಷಣ ಲೆವೆಲ್ ಟು ಪರದೆಯಲ್ಲಿ (ಯಾವ ಮೇಕರ್ ಯಾವ ಬೆಲೆಗೆ ಇದ್ದಾನೆಂದು ತೋರಿಸುವುದು) ಒಂದು ದೊಡ್ಡ ಹೋಲ್‌ಸೇಲರ್‌ನ, ಅಂದರೆ ದೊಡ್ಡ ಮೇಕರ್ ಸಂಸ್ಥೆಯ, ನಾಲ್ಕಕ್ಷರದ ಹೆಸರು 0.0042ಕ್ಕೆ ಏರಿತು. ಗೆಳೆಯನೊಬ್ಬ ಫೋನ್ ಮಾಡಿ, "ನೋಡಿದ್ಯಾ, ಅವನು ಮಾಲು ಕೂಡಿಸ್ತಿದ್ದಾನೆ!" ಅಂದ. ಕೂಡಿಸ್ತಿದ್ದವನು ನಾನು. ಆರ್ಡರ್ ತೆಗೆದೆ, ಆ ಹೆಸರೂ ಕೆಳಗಿಳಿಯಿತು. ಇದನ್ನೇ ಏಳೆಂಟು ದಿನ ಬೇರೆ ಬೇರೆ ಬ್ರೋಕರ್ ಖಾತೆಗಳಿಂದ ಬೇರೆ ಬೇರೆ ಷೇರಿಗೆ ನಿಜವಾದ ಆರ್ಡರ್ ಹಾಕಿ ನೋಡಿದೆ. ಯಾವ ಬ್ರೋಕರಿನಿಂದ ಹೋದದ್ದು ಯಾವ ಹೆಸರಲ್ಲಿ ಕಾಣುತ್ತದೆ ಎಂಬ ಒಂದು ಪಟ್ಟಿಯೇ ತಯಾರಾಯಿತು.

ನಮ್ಮಪ್ಪ ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕುತ್ತಿದ್ದವರು. ರಾಶಿಯ ಮೇಲೆ ಮಂಡಿಯ ಹೆಸರಿರುತ್ತದೆ, ಅಡಿಕೆ ಮಾತ್ರ ರೈತನದು. ಇಲ್ಲೂ ಹಾಗೆಯೇ. ದೊಡ್ಡ ಹೋಲ್‌ಸೇಲರ್‌ಗಳ ಹೆಸರಿನ ಹಿಂದೆ ಹೆಚ್ಚಾಗಿ ಇರುವುದು ನಮ್ಮಂಥ ಸಣ್ಣವರ ಆರ್ಡರುಗಳು. ಅವರು ಮೇಲೆ ಕೆಳಗೆ ಆಡಿದರೆ ನಾನೀಗ ತಲೆ ಕೆಡಿಸಿಕೊಳ್ಳುವುದಿಲ್ಲ. ನೋಡಬೇಕಾದದ್ದು ಆಸ್ಕ್‌ನಲ್ಲಿ ಬಂದು ಕೂರುವ ಸಣ್ಣ ಮೇಕರ್‌ಗಳನ್ನು. ಕನ್ವರ್ಟಿಬಲ್ ನೋಟ್ (ಕಂಪನಿಗೆ ಕೊಟ್ಟ ಸಾಲವನ್ನು ರಿಯಾಯಿತಿ ಬೆಲೆಯ ಷೇರಾಗಿ ಬದಲಿಸಿಕೊಳ್ಳಬಹುದಾದ ಪತ್ರ) ಇಟ್ಟುಕೊಂಡವರ ಮಾಲು ಬರುವುದು ಹೆಚ್ಚಾಗಿ ಅವರ ಕೈಯಿಂದ. ನಾನು ಗುರುತಿಸಿಕೊಂಡಿರುವುದು ಮೂರು ಹೆಸರು. ಅವನ್ನು ಇಲ್ಲಿ ಬರೆಯುವುದಿಲ್ಲ. ಎರಡು ತಿಂಗಳು ಪರದೆ ಮುಂದೆ ಕೂತವರಿಗೆ ತಾವೇ ಸಿಗುತ್ತವೆ.

10 ಸೆಂಟಿಗಿಂತ ಕೆಳಗಿನ ಷೇರಿನಲ್ಲಿ ಕೋಟ್ ಹಾಕಲು ಕನಿಷ್ಠ 10 ಸಾವಿರ ಷೇರು ಸಾಕು. ಹಾಗಾಗಿ ಪರದೆಯಲ್ಲಿ ಕಾಣುವ '10,000' ಏನನ್ನೂ ಹೇಳುವುದಿಲ್ಲ. ಅದರ ಮೇಲೆ ಹೊಡೆತ ಬಿದ್ದಾಗ, ಅಂದರೆ ಆ ಬೆಲೆಗೆ ಯಾರಾದರೂ ಕೊಂಡಾಗ, ಆ ಹೆಸರು ಕದಲುತ್ತದೋ ಇಲ್ಲವೋ ಅದನ್ನು ನೋಡಿ. ಒಂದು ಗಣಿ ಕಂಪನಿಯಲ್ಲಿ 0.0058ಕ್ಕೆ ನನ್ನ ಮೂರರಲ್ಲಿ ಒಬ್ಬ ಕೂತ. ಮೊದಲ ದಿನವೇ ಆ ಬೆಲೆಗೆ 18 ಲಕ್ಷ ಷೇರು ಕೈ ಬದಲಾಯಿತು, ಪರದೆಯಲ್ಲಿ ಮಾತ್ರ ಅದೇ 10,000. ಕಂಪನಿಯ 10-ಕ್ಯೂ (ತ್ರೈಮಾಸಿಕ ವರದಿ) ತೆಗೆದು ನೋಡಿದೆ: 60 ಸಾವಿರ ಡಾಲರಿನ ನೋಟ್, ಆರು ತಿಂಗಳು ತುಂಬಿತ್ತು, ಹಿಂದಿನ 20 ದಿನಗಳ ಕನಿಷ್ಠ ಬೆಲೆಗೆ 40 ಶೇಕಡಾ ರಿಯಾಯಿತಿ. ಕನಿಷ್ಠ 0.0050 ಇತ್ತು, ಅಂದರೆ 0.0030ರ ಲೆಕ್ಕದಲ್ಲಿ 2 ಕೋಟಿ ಷೇರು. ಕ್ಯಾಲಿಫೋರ್ನಿಯಾದಲ್ಲಿ ಮಾರುಕಟ್ಟೆ ತೆರೆಯುವುದು ಬೆಳಗ್ಗೆ ಆರೂವರೆಗೆ. ಒಂಬತ್ತು ದಿನ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು, ಆಫೀಸಿಗೆ ಹೊರಡುವವರೆಗೆ ಪ್ರಿಂಟ್ ಎಣಿಸಿದೆ, ಉಳಿದದ್ದನ್ನು ಸಂಜೆ ಟೇಪ್ (ದಿನದ ವಹಿವಾಟುಗಳ ಪಟ್ಟಿ) ನೋಡಿ ಕೂಡಿಸಿದೆ. ಮೊತ್ತ 2.1 ಕೋಟಿ ದಾಟಿತು. ಹತ್ತನೆಯ ಬೆಳಗ್ಗೆ ಆ ಹೆಸರು 0.0058 ಬಿಟ್ಟು 0.02ಕ್ಕೆ ಹೋಗಿ ಕೂತಿತ್ತು, ಮಾರುವ ಮಾಲು ಮುಗಿದಂತೆ. 0.0061ಕ್ಕೆ 4 ಲಕ್ಷ ಷೇರು ತೆಗೆದುಕೊಂಡೆ. ಮೂರು ವಾರದೊಳಗೆ ಅರ್ಧ 0.011ಕ್ಕೆ, ಅರ್ಧ 0.014ಕ್ಕೆ ಕೊಟ್ಟೆ. ಎರಡೂವರೆ ಸಾವಿರ ಡಾಲರ್ ಲಾಭ. ಆ ಸಂಜೆ ಗೆಳೆಯರಿಗೆ ನನ್ನ ನೋಟ್‌ಬುಕ್ಕನ್ನೇ ತೋರಿಸಿದೆ.

ಇದೇ ಲೆಕ್ಕ ಒಂದು ಎಣ್ಣೆ ಕಂಪನಿಯಲ್ಲಿ ಕೈಕೊಟ್ಟಿತು. 1.5 ಕೋಟಿ ಮಾರಿ ಸಣ್ಣ ಮೇಕರ್ ಎದ್ದು ಹೋದ, ನಾನು ಖರೀದಿಸಿದೆ. ನಾಲ್ಕೇ ದಿನಕ್ಕೆ ಮತ್ತೆ ಬಂದು ಕೂತ, ಮತ್ತೆ 1.5 ಕೋಟಿ. 1,900 ಡಾಲರ್ ಹೋಯಿತು. ಎರಡು ರಾತ್ರಿ ನಿದ್ದೆಗೆಟ್ಟು ಒಪ್ಪಂದ ಓದಿದಾಗ ಕಾರಣ ಕಂಡಿತು: ನೋಟ್‌ದಾರ ಒಂದು ಸಲಕ್ಕೆ ಕಂಪನಿಯ ಶೇ. 4.99ಕ್ಕಿಂತ ಹೆಚ್ಚು ಷೇರು ಹಿಡಿದಿರುವಂತಿಲ್ಲ. ಕಂಪನಿಯಲ್ಲಿದ್ದದ್ದು 30 ಕೋಟಿ ಷೇರು, ಅದರ ಶೇ. 4.99 ಅಂದರೆ ಅದೇ 1.5 ಕೋಟಿ. ಅವನು ಮುಗಿಸಿ ಹೋಗಿರಲಿಲ್ಲ, ಮುಂದಿನ ಕಂತು ತರಲು ಹೋಗಿದ್ದ. ಅಲ್ಲಿಂದ ಮುಂದೆ, ನೋಟಿನಲ್ಲಿ ಇನ್ನೆಷ್ಟು ಬಾಕಿ ಇದೆ, ಟ್ರಾನ್ಸ್‌ಫರ್ ಏಜೆಂಟ್ (ಕಂಪನಿಯ ಷೇರುಗಳ ಲೆಕ್ಕ ಇಡುವ ಸಂಸ್ಥೆ) ಕೊಡುವ ಷೇರು ಸಂಖ್ಯೆ ಏರುವುದು ನಿಂತಿದೆಯೇ, ಇವೆರಡೂ ಹೊಂದಿದ ಮೇಲೆಯೇ ಕೊಳ್ಳುತ್ತೇನೆ. ಆ ಸಂಖ್ಯೆಯನ್ನು ವಾರದಲ್ಲಿ ಯಾವ ದಿನ ನೋಡಬೇಕು ಅನ್ನುವುದರಲ್ಲೂ ಒಂದು ಕಿಟುಕಿದೆ. ಅದು ನನ್ನ ಹತ್ತಿರವೇ ಇರಲಿ.

ಮೇಕರ್‌ಗಳೆಲ್ಲ ಒಟ್ಟಿಗೆ ಮಾಯವಾದದ್ದನ್ನೂ ಕಂಡಿದ್ದೇನೆ. 2021ರ ಸೆಪ್ಟೆಂಬರ್ 28ರಂದು ಅಮೆರಿಕದ ಷೇರು ನಿಯಂತ್ರಕ ಎಸ್‌ಇಸಿಯ 15ಸಿ2-11 ನಿಯಮದ ಹೊಸ ರೂಪ ಜಾರಿಗೆ ಬಂತು. ಲೆಕ್ಕಪತ್ರ ಸಾರ್ವಜನಿಕವಾಗಿ ಇಡದ ಕಂಪನಿಗಳಿಗೆ ಸಾರ್ವಜನಿಕ ಕೋಟ್ ನಿಂತಿತು. ನನ್ನದೊಂದು ಷೇರು ಎಕ್ಸ್‌ಪರ್ಟ್ ಮಾರ್ಕೆಟ್‌ಗೆ (ಸಾಮಾನ್ಯ ಹೂಡಿಕೆದಾರರಿಗೆ ಕೋಟ್ ಕಾಣದ ವಿಭಾಗ) ಬಿತ್ತು. 3,200 ಡಾಲರ್ ಹಾಕಿದ್ದೆ, 140ಕ್ಕೆ ಹೊರಗೆ ಬಂದೆ. ಇದು ಮೊದಲೇ ಘೋಷಣೆಯಾಗಿದ್ದ ದಿನಾಂಕ, ನನಗೆ ಓದುವ ಸಮಯವೂ ಇತ್ತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ನಡುವೆ ನಮ್ಮೂರ ಕಡೆಗೂ ಒಂದು ಪ್ರಯೋಗ ಮಾಡಿ ನೋಡಿದೆ. ಭಾರತದ ಎಸ್‌ಎಂಇ (ಸಣ್ಣ, ಮಧ್ಯಮ ಕಂಪನಿಗಳ) ಷೇರುಗಳಿಗೆ ಲಿಸ್ಟಿಂಗ್ ಆದಮೇಲೆ ಮೂರು ವರ್ಷ ಮಾರ್ಕೆಟ್ ಮೇಕರ್ ಕಡ್ಡಾಯ, ವಹಿವಾಟಿನ ಹೊತ್ತಿನಲ್ಲಿ ಶೇ. 75ರಷ್ಟು ಕಾಲ ಎರಡೂ ಕಡೆ ಕೋಟ್ ಕೊಡಬೇಕು. ಒಂದು ತಿಂಗಳು ರಾತ್ರಿ ಎಂಟೂಮುಕ್ಕಾಲಕ್ಕೆ, ಅಲ್ಲಿ ಮಾರುಕಟ್ಟೆ ತೆರೆಯುವ ಹೊತ್ತಿಗೆ, ಭಾವನ ಜೊತೆ ವಿಡಿಯೋ ಕರೆಯಲ್ಲಿ ಅವನ ಪರದೆ ನೋಡಿದೆ. ಅಲ್ಲಿ ಆರ್ಡರಿನ ಪಕ್ಕ ಹೆಸರೇ ಕಾಣುವುದಿಲ್ಲ. ನನ್ನ ವಿದ್ಯೆ ಅಲ್ಲಿ ನಡೆಯುವುದಿಲ್ಲವೆಂದು ಬಿಟ್ಟೆ.

ಹಣದ ಮಾತು ಇನ್ನೊಂದಿಷ್ಟು. ಕಮಿಷನ್ ಪ್ರತಿ ಸಲ 7 ಡಾಲರ್ ಹತ್ತಿರ, ಆದ್ದರಿಂದ 1,500ಕ್ಕಿಂತ ಕಡಿಮೆ ಟ್ರೇಡ್ ಮಾಡುವುದಿಲ್ಲ. 3,000 ದಾಟುವುದೂ ಇಲ್ಲ, ಹೊರಬರುವಾಗ ಬಿಡ್ ಸಾಲುವುದಿಲ್ಲ. 0.0002, 0.0003ರ ಷೇರು ಮುಟ್ಟುವುದಿಲ್ಲ: ಒಂದು ಟಿಕ್‌ಗೆ 50 ಶೇಕಡಾ ಅನ್ನುವುದು ಕಾಗದದ ಮೇಲೆ ಚಂದ, ಸರತಿಯಲ್ಲಿ ನನ್ನ ಮುಂದೆ ಕೋಟಿಗಟ್ಟಲೆ ಷೇರು ನಿಂತಿರುತ್ತದೆ. ನನ್ನದು ಕ್ಯಾಶ್ ಅಕೌಂಟ್, ಸಾಲವಿಲ್ಲದೆ ಸ್ವಂತ ಹಣದಲ್ಲೇ ಕೊಳ್ಳುವ ಖಾತೆ. 2024ರ ಮೇ 28ರಿಂದ ಸೆಟಲ್‌ಮೆಂಟ್ (ಮಾರಿದ ಹಣ ಖಾತೆಗೆ ಸೇರುವುದು) ಒಂದೇ ದಿನಕ್ಕೆ ಇಳಿದದ್ದು ದೊಡ್ಡ ಅನುಕೂಲವಾಯಿತು. ನಷ್ಟವನ್ನು ಸಂಬಳದ ಆದಾಯದಿಂದ ವರ್ಷಕ್ಕೆ 3,000 ಮಾತ್ರ ಕಳೆಯಬಹುದು. ಅದರಲ್ಲಿ ಮಿಕ್ಕಿದ್ದನ್ನು 2024ರ ಲಾಭಕ್ಕೆ ಹೊಂದಿಸಿಕೊಂಡೆ.

ಸದ್ಯ ಒಂದು ಔಷಧ ಕಂಪನಿಯಲ್ಲಿ ಮೂರರಲ್ಲಿ ಒಬ್ಬ 0.031ಕ್ಕೆ ಕೂತಿದ್ದಾನೆ. ಆರು ದಿನವಾಯಿತು. ನನ್ನ ಎಣಿಕೆ 74 ಲಕ್ಷಕ್ಕೆ ಬಂದಿದೆ, ನೋಟಿನ ಲೆಕ್ಕ 1.1 ಕೋಟಿ. ಖಾತೆಯಲ್ಲಿ 2,800 ತೆಗೆದಿಟ್ಟಿದ್ದೇನೆ.