ಅನ್ನ ತೆಗೆದರೆ ನೀರು ಎಲ್ಲಿಗೆ ಹೋಗಬೇಕು?

ಅನ್ನವಿಲ್ಲದ ತುಂಬಿದ ಮೆಣಸಿನಕಾಯಿ ಮೊದಲ ಸಲ ಮಾಡಿದಾಗ ಅದನ್ನು ಚಮಚದಲ್ಲಿ ತಿನ್ನಬೇಕಾಯಿತು. ನಾಲ್ಕು ದಪ್ಪ ದೊಣ್ಣೆ ಮೆಣಸಿನಕಾಯಿ, ಒಳಗೆ ಕೋಳಿ ಖೀಮಾ, ಅನ್ನದ ಬದಲು ತುರಿದ ಹೂಕೋಸು, ಮೇಲೆ ಚೀಸ್. ಓವನ್‌ನಲ್ಲಿ 45 ನಿಮಿಷ. ಹೊರಗೆ ತೆಗೆದಾಗ ನೋಡೋಕೆ ಚೆನ್ನಾಗಿಯೇ ಇತ್ತು. ತಟ್ಟೆಗೆ ಹಾಕಿ ಚಾಕು ಇಟ್ಟೆ ನೋಡಿ, ಕೆಂಪು ನೀರು ಹರಿದು ತಟ್ಟೆ ತುಂಬಾ ನಿಂತಿತು. "ಸಾರು ಚೆನ್ನಾಗಿದೆ" ಅಂದರು ನಮ್ಮ ಯಜಮಾನರು.

ನಾವಿರುವುದು ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ. ಆ ವರ್ಷ ನನ್ನ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ, 6.1 ಬಂದಿತ್ತು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು ಅಂತ ಲೆಕ್ಕ. ಡಾಕ್ಟರ್ ಅನ್ನ ಕಮ್ಮಿ ಮಾಡಿ ಅಂದರು. ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಕಾರ್ಬ್, ಅಂದರೆ ಕಾರ್ಬೋಹೈಡ್ರೇಟ್. ನಾನು ಒಂದು ಕಪ್ಪಿಗೆ ನಿಲ್ಲಿಸುವವಳಲ್ಲ. ಈ ಊರಿನಲ್ಲಿ ಮೂಲೆ ಮೂಲೆಗೂ ಮೆಕ್ಸಿಕನ್ ಅಡುಗೆ ಸಿಗುತ್ತದೆ, ಖಾರ ಹುಳಿ ಎಲ್ಲ ನಮ್ಮ ಬಾಯಿಗೆ ಹೊಂದುತ್ತದೆ. ಆದರೆ ಜೊತೆಗೆ ತೊರ್ತಿಯಾ ಅನ್ನುವ ಅವರ ರೊಟ್ಟಿ, ಅನ್ನ, ಬೀನ್ಸ್ ಬಂದೇ ಬರುತ್ತವೆ. ಅದಕ್ಕೇ ತುಂಬಿದ ತರಕಾರಿ ಹಿಡಿದು ಕೂತೆ.

ನನ್ನ ಕಣ್ಣು ತೆರೆಸಿದ್ದು ಪಕ್ಕದ ಮನೆಯ ಅಜ್ಜಿ. ಅವರು ಮೆಕ್ಸಿಕೋದ ಪ್ಯುಯೆಬ್ಲಾ ಕಡೆಯವರು. ನನ್ನ ಸಾರಿನ ಕಥೆ ಕೇಳಿ ನಕ್ಕರು. "ಮೆಣಸಿನಕಾಯಿ ಒಳಗೆ ಅನ್ನ ಹಾಕು ಅಂತ ನಿನಗೆ ಹೇಳಿದ್ದು ಯಾರು?" ಅಂದರು. ಅನ್ನ ತುಂಬಿದ ದೊಣ್ಣೆ ಮೆಣಸಿನಕಾಯಿ ಅಮೆರಿಕದವರ ಮನೆ ಅಡುಗೆಯಂತೆ. ಅವರ ಊರಿನ 'ಚಿಲೆ ರೆಯೆನೊ'ದಲ್ಲಿ ಪೊಬ್ಲಾನೋ ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಒಳಗೆ ಚೀಸ್ ಇಲ್ಲವೇ ಪಿಕಾದಿಯೋ ಅನ್ನುವ ಖೀಮಾ ತುಂಬುತ್ತಾರೆ. ಮೇಲೆ ತೆಳ್ಳಗೆ ಮೈದಾ ಹಿಟ್ಟು ಸವರಿ, ನೊರೆ ಬರಿಸಿದ ಮೊಟ್ಟೆಯಲ್ಲಿ ಅದ್ದಿ ಕರಿದು, ಟೊಮೆಟೊ ರಸದಲ್ಲಿ ಇಡುತ್ತಾರೆ. ಪೊಬ್ಲಾನೋ ಅಂದರೇ ಪ್ಯುಯೆಬ್ಲಾದ್ದು ಅಂತ ಅರ್ಥ. ನಾನು ಕಷ್ಟಪಟ್ಟು ಕಾರ್ಬ್ ಇಳಿಸಲು ಹೊರಟಿದ್ದ ಅಡುಗೆಯಲ್ಲಿ ಮೊದಲಿಂದಲೂ ಕಾರ್ಬ್ ಹೆಚ್ಚಿರಲೇ ಇಲ್ಲ!

ಅವತ್ತು ನನಗೆ ಹೊಳೆದದ್ದು ಇಷ್ಟು. ಹೂರಣದಲ್ಲಿ ಅನ್ನ ಸುಮ್ನೆ ಕೂತಿರುವುದಿಲ್ಲ. ತರಕಾರಿ, ಟೊಮೆಟೊ, ಮಾಂಸ ಬಿಡುವ ನೀರನ್ನೆಲ್ಲ ಅದು ಕುಡಿಯುತ್ತದೆ. ಅದನ್ನು ತೆಗೆದು ಹೂಕೋಸು ಹಾಕಿದರೆ, ನೀರು ಕುಡಿಯುವವನನ್ನು ಮನೆಯಿಂದ ಕಳಿಸಿ ನೀರು ಬಿಡುವವನನ್ನು ಕರೆತಂದ ಹಾಗೆ. ಆಮೇಲಿನ ನನ್ನ ಪ್ರಯೋಗವೆಲ್ಲ ನೀರಿನ ಜೊತೆಗಿನ ಜಗಳವೇ.

ಸುಡುವುದರಿಂದಲೇ ಅರ್ಧ ಜಗಳ ಮುಗಿಯುತ್ತದೆ. ಬದನೆಕಾಯಿ ಗೊಜ್ಜಿಗೆ ಗ್ಯಾಸ್ ಉರಿಯ ಮೇಲೆ ಸುಡುತ್ತೇವಲ್ಲ, ಹಾಗೇ. ಪೊಬ್ಲಾನೋವನ್ನು ನೇರ ಉರಿಗೆ ಇಟ್ಟು ಇಕ್ಕಳದಲ್ಲಿ ತಿರುಗಿಸುತ್ತಿರಬೇಕು. ಮೊದಲು ಚಟಪಟ ಸದ್ದು. ಆಮೇಲೆ ಹೊಳಪು ಸಿಪ್ಪೆ ಗುಳ್ಳೆ ಎದ್ದು, ಗುಳ್ಳೆ ಕಪ್ಪಾಗುತ್ತದೆ. ಮಡಿಕೆಗಳಲ್ಲಿ ಹಸಿರು ಉಳಿದರೆ ಆ ಜಾಗದಲ್ಲಿ ಸಿಪ್ಪೆ ಬರುವುದಿಲ್ಲ, ಅಲ್ಲಿಗೆ ಉರಿ ತಗಲಿಸಲೇಬೇಕು. ಹಾಗಂತ ಜಾಸ್ತಿ ಹೊತ್ತು ಬಿಟ್ಟರೆ ತಿರುಳೇ ಮೆತ್ತಗಾಗಿ ಹರಿದುಹೋಗುತ್ತದೆ. ನನಗೆ ಒಂದು ಕಾಯಿಗೆ ನಾಲ್ಕೈದು ನಿಮಿಷ ಹಿಡಿಯುತ್ತದೆ. ಸುಟ್ಟ ಕೂಡಲೇ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಹಾಕಿ ಹತ್ತು ನಿಮಿಷ. ಇದಕ್ಕೆ ಅಜ್ಜಿ 'ಬೆವರಿಸುವುದು' ಅನ್ನುತ್ತಾರೆ. ಮುಚ್ಚಳ ತೆಗೆದರೆ ಡಬ್ಬಿಯ ತಳದಲ್ಲಿ ಒಂದು ಚಮಚದಷ್ಟು ಕಂದು ನೀರು ನಿಂತಿರುತ್ತದೆ. ತಟ್ಟೆಗೆ ಬರಬೇಕಾಗಿದ್ದ ನೀರು ಅದು.

ಸಿಪ್ಪೆಯನ್ನು ಬೆರಳಲ್ಲೇ ಉಜ್ಜಿ ತೆಗೆಯಿರಿ. ನಲ್ಲಿ ಕೆಳಗೆ ತೊಳೆಯಬೇಡಿ. ನಾನು ಒಮ್ಮೆ ಶುಚಿ ಅಂದುಕೊಂಡು ತೊಳೆದೆ, ಸುಟ್ಟ ವಾಸನೆಯೆಲ್ಲ ಸಿಂಕ್‌ಗೆ ಹೋಯಿತು. ಅಲ್ಲಲ್ಲಿ ನಾಲ್ಕು ಕಪ್ಪು ಚುಕ್ಕೆ ಉಳಿದರೆ ಏನೂ ಆಗಲ್ಲ. ಆಮೇಲೆ ಪಕ್ಕದಲ್ಲಿ ಉದ್ದಕ್ಕೆ ಸೀಳಿ, ತೊಟ್ಟು ಹಾಗೇ ಬಿಟ್ಟು, ಬೀಜದ ಗೊಂಚಲು ಮತ್ತು ಬಿಳಿ ನಾರು ತೆಗೆಯಬೇಕು. ಖಾರ ಜಾಸ್ತಿ ಇರುವುದು ಬೀಜದಲ್ಲಲ್ಲ, ಆ ಬಿಳಿ ನಾರಿನಲ್ಲಿ. ಪೊಬ್ಲಾನೋ ಸಾಮಾನ್ಯವಾಗಿ ಸಪ್ಪೆ ಜಾತಿ. ಆದರೆ ಹತ್ತರಲ್ಲಿ ಒಂದು ನಮ್ಮ ಗುಂಟೂರನ್ನು ನೆನಪಿಸುತ್ತದೆ. ಅಂಥದ್ದೇ ಒಂದನ್ನು ಬಿಡಿಸಿದ ಕೈಯಲ್ಲಿ ಕಣ್ಣುಜ್ಜಿಕೊಂಡು ಅರ್ಧ ಗಂಟೆ ಬಚ್ಚಲಲ್ಲಿ ಕೂತಿದ್ದೆ. ಈಗ ಗ್ಲೌಸ್ ಹಾಕುತ್ತೇನೆ.

ಹೂರಣಕ್ಕೆ ಅರ್ಧ ಕೆಜಿ ಕೋಳಿ ಖೀಮಾ. ತೊಡೆ ಭಾಗದ್ದಾದರೆ ಒಳ್ಳೆಯದು, ಎದೆ ಭಾಗದ್ದು ಒಣಗಿ ಮರಳಾಗುತ್ತದೆ. ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ಟೊಮೆಟೊ, ಬೆರಳುದ್ದದ ಚಕ್ಕೆ, ಎರಡು ಲವಂಗ, ಅರ್ಧ ಚಮಚ ಜೀರಿಗೆ ಪುಡಿ. ನಮ್ಮ ಮಸಾಲೆ ಡಬ್ಬಿಯೇ ಅಲ್ವಾ? ಇದರ ಮೇಲೆ ಹೆಚ್ಚಿದ ಬಾದಾಮಿ, ನಾಲ್ಕು ಹಸಿರು ಆಲಿವ್. ಪಿಕಾದಿಯೋಗೆ ಒಣದ್ರಾಕ್ಷಿಯನ್ನೂ ಹಾಕುತ್ತಾರೆ. ನಾನು ಇಡೀ ಬಾಣಲೆಗೆ ಎಂಟು ಹಾಕುತ್ತೇನೆ, ಎರಡಾಗಿ ಸೀಳಿ. ಆ ಚೂರು ಸಿಹಿ ಇಲ್ಲದಿದ್ದರೆ ಅದು ಬರೀ ಖೀಮಾ. ಅಜ್ಜಿಯ ಊರಿನ ಹಬ್ಬದ ಅಡುಗೆ 'ಚಿಲೆಸ್ ಎನ್ ನೊಗಾದಾ'ದಲ್ಲಂತೂ ಸೇಬು, ಪೇರ್, ಪೀಚ್ ಎಲ್ಲ ಖೀಮಾದ ಒಳಗೇ ಹೋಗುತ್ತವೆ. ಮೇಲೆ ಅಕ್ರೋಟಿನ ಬಿಳಿ ಸಾಸ್, ಅದರ ಮೇಲೆ ದಾಳಿಂಬೆ. ಹಸಿರು, ಬಿಳಿ, ಕೆಂಪು, ಅವರ ಬಾವುಟದ ಬಣ್ಣ. 1821ರಲ್ಲಿ ಮೆಕ್ಸಿಕೋಗೆ ಸ್ವಾತಂತ್ರ್ಯ ತಂದ ಸೇನಾನಿ ಇತುರ್ಬಿದೆ ಪ್ಯುಯೆಬ್ಲಾಕ್ಕೆ ಬಂದಾಗ ಅಲ್ಲಿನ ಸನ್ಯಾಸಿನಿಯರು ಮಾಡಿ ಬಡಿಸಿದರು ಅಂತ ಕಥೆ ಹೇಳುತ್ತಾರೆ. ಅದಕ್ಕೆ ಕಾರ್ಬ್ ಕತ್ತರಿ ಹಾಕಲು ನನಗೆ ಮನಸ್ಸಿಲ್ಲ. ವರ್ಷಕ್ಕೊಮ್ಮೆ ಅಜ್ಜಿ ಮನೆಯಲ್ಲಿ ಇದ್ದ ಹಾಗೇ ತಿನ್ನುತ್ತೇನೆ.

ಖೀಮಾ ಸಾಕಷ್ಟು ಒಣಗಿದೆಯಾ ಅಂತ ನೋಡಲು ಬಾಣಲೆಯ ನಡುವೆ ಸೌಟಿನಲ್ಲಿ ಒಂದು ಗೆರೆ ಎಳೆಯಿರಿ. ಎರಡೂ ಕಡೆಯಿಂದ ರಸ ಹರಿದು ಬಂದು ಗೆರೆ ಮುಚ್ಚಿಕೊಂಡರೆ ಇನ್ನೂ ಬೇಕು. ಗೆರೆ ಹಾಗೇ ನಿಂತು ತಳದ ಲೋಹ ಕಂಡರೆ ಸಾಕು. ಆಗ ಮೂರು ಚಮಚ ಹುರಿದ ಕುಂಬಳ ಬೀಜದ ಪುಡಿ ಹಾಕಿ ಕಲಸುತ್ತೇನೆ. ಅನ್ನದ ಕೆಲಸ ಮಾಡುವುದು ಇದೇ, ಉಳಿದ ನೀರನ್ನು ಹೀರಿ ಹೂರಣವನ್ನು ಹಿಡಿದಿಡುತ್ತದೆ. ಮೆಕ್ಸಿಕೋದಲ್ಲಿ ಕುಂಬಳ ಬೀಜ ಅರೆದು ಪಿಪಿಯಾನ್ ಅನ್ನುವ ಗಟ್ಟಿ ಸಾರು ಮಾಡುತ್ತಾರೆ, ಅದನ್ನು ತಿಂದಾಗ ಹೊಳೆದದ್ದು ಇದು. ಮಾಂಸ ಬೇಡ ಅನ್ನುವವರಿಗೆ 400 ಗ್ರಾಂ ಅಣಬೆ ಸಣ್ಣಗೆ ಹೆಚ್ಚಿ, ಎಣ್ಣೆ ಉಪ್ಪು ಏನೂ ಇಲ್ಲದೆ ಬಿಸಿ ಬಾಣಲೆಗೆ ಹಾಕಿ. ಅದು ನೀರು ಬಿಟ್ಟು, ಆ ನೀರು ಇಂಗಿ, ಮತ್ತೆ ಕಿರ್ ಅನ್ನುವವರೆಗೆ ಕಾಯಿರಿ. ಆಮೇಲೆ ಎಣ್ಣೆ, ಮಸಾಲೆ, 200 ಗ್ರಾಂ ಪುಡಿ ಮಾಡಿದ ಪನೀರ್. ಪನೀರ್ ಕರಗುವುದಿಲ್ಲ, ಹಾಗಾಗಿ ಎಳೆ ಎಳೆಯಾಗಿ ಬರಬೇಕೆಂದರೆ ನಡುವೆ ಒಂದು ತುಂಡು ಓಹಾಕಾ ಚೀಸ್ ಇಡಬೇಕು, ಇಲ್ಲವೇ ಮೊಝರೆಲ್ಲಾ.

ಇನ್ನು ಆ ಮೈದಾ ವಿಷಯ. ಮೊದಲು ಹಠ ಹಿಡಿದು ಮೈದಾ ಬಿಟ್ಟೆ. ಮೊಟ್ಟೆ ಹೊದಿಕೆ ಎಣ್ಣೆಯಲ್ಲಿ ಕಂಬಳಿ ಜಾರಿದ ಹಾಗೆ ಜಾರಿ ಬೇರೆ ತೇಲಿತು. ಬಾದಾಮಿ ಹಿಟ್ಟು ಹಚ್ಚಿದೆ, ಮೊಟ್ಟೆ ಬೇಯುವ ಮೊದಲೇ ಅದು ಸೀದಿತು. ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ದೊಡ್ಡ ಚಮಚ ಮೈದಾ ಅಂದರೆ ಸುಮಾರು 6 ಗ್ರಾಂ ಕಾರ್ಬ್. ನಾಲ್ಕು ಮೆಣಸಿನಕಾಯಿಗೆ ಹಂಚಿದರೆ ತಲಾ ಒಂದೂವರೆ ಗ್ರಾಂ. ಇಷ್ಟಕ್ಕಾಗಿ ಒಂದು ತಿಂಗಳು ಒದ್ದಾಡಿದ್ದೆ! ಈಗ ಬಟ್ಟೆಯಲ್ಲಿ ಮೆಣಸಿನಕಾಯಿ ಒರೆಸಿ, ಮೈದಾ ಸವರಿ ಕೊಡವಿ, ಮೂರು ಮೊಟ್ಟೆಯ ಬಿಳಿ ಗಟ್ಟಿ ನೊರೆ ಮಾಡಿ ಹಳದಿ ಸೇರಿಸಿ ಅದ್ದುತ್ತೇನೆ. ವಾರದ ದಿನಗಳಲ್ಲಿ ಅದೂ ಇಲ್ಲ, ಹಾಗೇ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಓವನ್‌ಗೆ. ಮೇಲೆ ಫಾಯಿಲ್ ಮುಚ್ಚಬೇಡಿ, ಆವಿಯೆಲ್ಲ ಮತ್ತೆ ನೀರಾಗಿ ಕೆಳಗೆ ಬೀಳುತ್ತದೆ. ಟೊಮೆಟೊ ಸಾಸ್ ತಟ್ಟೆಯಲ್ಲಿ ಮೊದಲು ಹರಡಿ, ಮೆಣಸಿನಕಾಯಿ ಅದರ ಮೇಲೆ ಕೂರಬೇಕು.

ಅಜ್ಜಿ ಇನ್ನೊಂದು ದಿನ 'ಚಯೋತೆ' ತಗೊಂಡು ಬಾ ಅಂದರು. ಅಂಗಡಿಗೆ ಹೋಗಿ ನೋಡಿದರೆ ನಮ್ಮ ಸೀಮೆ ಬದನೆಕಾಯಿ! ಅಮ್ಮನ ಹಿತ್ತಲಲ್ಲಿ ಚಪ್ಪರ ತುಂಬಾ ಜೋತಾಡುತ್ತಿದ್ದದ್ದು. ತಮಿಳರು ಅದಕ್ಕೆ ಬೆಂಗಳೂರು ಕತ್ರಿಕಾಯಿ ಅಂತಾರೆ. ಸೀಮೆ ಎಣ್ಣೆ, ಸೀಮೆ ಸುಣ್ಣ ಅಂದ ಹಾಗೆ ಸೀಮೆ ಬದನೆ ಅಂತ ಜೀವಮಾನವೆಲ್ಲ ಕರೆದಿದ್ದೆ. ಅದು ಯಾವ ಸೀಮೆ ಅಂತ ಇಲ್ಲಿ ಗೊತ್ತಾಯಿತು. ಹುಟ್ಟೂರು ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆ. ಚಯೋತೆ ಅನ್ನುವ ಹೆಸರು ಅಲ್ಲಿನ ನಾವಾತ್ಲ್ ಭಾಷೆಯದು. 100 ಗ್ರಾಂಗೆ ನಾಲ್ಕೂವರೆ ಗ್ರಾಂ ಕಾರ್ಬ್, ಅದರಲ್ಲೂ ಒಂದಿಷ್ಟು ನಾರು.

ಆದರೆ ನೀರಿನ ವಿಷಯದಲ್ಲಿ ಇದು ಮಹಾ ಕಳ್ಳ. ಸಿಪ್ಪೆ ಸಮೇತ ಉದ್ದಕ್ಕೆ ಎರಡು ಮಾಡಿ, ಉಪ್ಪು ನೀರಿನಲ್ಲಿ 25 ನಿಮಿಷ ಬೇಯಿಸುತ್ತೇನೆ. ಒಂದು ಸೆಂಟಿಮೀಟರ್ ಗೋಡೆ ಬಿಟ್ಟು ತಿರುಳು ಕೆರೆದು, ಚಿಪ್ಪುಗಳನ್ನು ಬಟ್ಟೆಯ ಮೇಲೆ ಬೋರಲು ಹಾಕುತ್ತೇನೆ. ನಡುವಿನ ಚಪ್ಪಟೆ ಬೀಜ ಅಡುಗೆ ಮಾಡಿದವರಿಗೆ, ಬಿಸಿ ಇರುವಾಗಲೇ ಬಾಯಿಗೆ ಹಾಕಿಕೊಳ್ಳಿ. ತಿರುಳನ್ನು ಪಂಚೆ ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ ಎರಡು ಕಾಯಿಯಿಂದ ಅರ್ಧ ಲೋಟ ನೀರು ಬರುತ್ತದೆ. ಹಿಂಡಿದ ತಿರುಳಿಗೆ ಹುರಿದ ಈರುಳ್ಳಿ, ಒಂದು ಚಿಪೋತ್ಲೆ ಮೆಣಸು, ಚೀಸ್, ಒಂದು ಮೊಟ್ಟೆ ಕಲಸಿ ಮತ್ತೆ ಚಿಪ್ಪಿಗೆ ತುಂಬಿ 20 ನಿಮಿಷ ಓವನ್. ಚಿಪೋತ್ಲೆ ಅಂದರೆ ಹಣ್ಣಾದ ಹಲಪೆನ್ಯೋ ಮೆಣಸಿನಕಾಯಿಗೆ ಹೊಗೆ ಕೊಟ್ಟು ಒಣಗಿಸಿದ್ದು. ಗ್ವಾಟೆಮಾಲಾದಲ್ಲಿ ಸೀಮೆ ಬದನೆಗೇ ಸಕ್ಕರೆ, ಒಣದ್ರಾಕ್ಷಿ ತುಂಬಿ ಸಿಹಿ ಮಾಡಿ 'ಚಾಂಕ್ಲೇತಾ', ಅಂದರೆ ಚಪ್ಪಲಿ, ಅನ್ನುತ್ತಾರೆ. ಆಕಾರ ನೋಡಿದರೆ ಹೌದು ಅನಿಸುತ್ತದೆ.

ಮುಂದಿನ ಪರೀಕ್ಷೆಯಲ್ಲಿ ನನ್ನದು 5.8 ಬಂತು. ಆಗ ಸಂಜೆ ನಡಿಗೆಯೂ ಶುರು ಮಾಡಿದ್ದೆ, ಹಾಗಾಗಿ ಎಲ್ಲವನ್ನೂ ಮೆಣಸಿನಕಾಯಿ ತಲೆಗೆ ಕಟ್ಟಲಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಕಾರ್ಬ್ ಇಳಿಸುವ ಮುಂಚೆ ಡಾಕ್ಟರ್ ಹತ್ತಿರ ಮಾತಾಡಿ. ಸಕ್ಕರೆ ತೀರಾ ಕೆಳಗೆ ಹೋಗಿಬಿಡಬಹುದು.

ಹೋದ ರಜೆಯಲ್ಲಿ ತುಮಕೂರಿನಲ್ಲಿ ಅಮ್ಮನ ಮನೆಯಲ್ಲೂ ಮಾಡಿದೆ. ಪೊಬ್ಲಾನೋ ಸಿಗಲಿಲ್ಲ, ದೊಣ್ಣೆ ಮೆಣಸಿನಕಾಯಿಯನ್ನೇ ಸುಟ್ಟು ಬೆವರಿಸಿದೆ. ಕುಂಬಳ ಬೀಜದ ಬದಲು ಅಮ್ಮನ ಡಬ್ಬಿಯಲ್ಲಿದ್ದ ಕಡಲೆಕಾಯಿ ಪುಡಿ. ಅಮ್ಮ ಬಾಗಿಲಿಗೆ ಒರಗಿ ಎಲ್ಲ ನೋಡುತ್ತಿದ್ದರು. "ಎಣ್ಣೆಗಾಯಿ ಮಾಡೋದಕ್ಕೆ ಇಷ್ಟೊಂದು ಒದ್ದಾಟನಾ?" ಅಂದರು. ತಿಂದು ಚೆನ್ನಾಗಿದೆ ಅಂದರು. ಆಮೇಲೆ ಇದಕ್ಕೆ ಜೋಡಿ ಏನಾದರೂ ಬೇಕಲ್ಲ ಅಂತ ಒಳಗೆ ಹೋಗಿ ನನಗೂ ಒಂದು ಅಕ್ಕಿ ರೊಟ್ಟಿ ತಟ್ಟಿ ತಂದಿಟ್ಟರು. ಅರ್ಧ ತಿಂದೆ.